ಬೂದು ಟ್ಯಾಗಿನವಳ ಆಟದ ವಾಚು

ಪಟ್ಟಂದೂರು ಅಗ್ರಹಾರದ ಆ ಕಟ್ಟಡದ ಆರನೆಯ ಮಹಡಿಯಲ್ಲಿ ನಮ್ಮೂರಿನ ಸಮಯ ತೋರಿಸುವ ಗಡಿಯಾರ ಒಂದೂ ಇರಲಿಲ್ಲ. ಗೋಡೆಯ ಮೇಲಿದ್ದದ್ದು ಕ್ಲೈಂಟ್‌ನ ಊರಿನ ಸಮಯ. ಕಂಪ್ಯೂಟರಿನ ಮೂಲೆಯಲ್ಲಿ ಕಾಣುತ್ತಿದ್ದದ್ದೂ ಅದೇ. ನಾವು ಮಧ್ಯಾಹ್ನದ ಊಟ ಮುಗಿಸಿ ಒಳಗೆ ಹೋಗುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತಿತ್ತು. ಎದುರಿನ ಕಟ್ಟಡದಿಂದ ಯಾರೂ ನಮ್ಮ ಪರದೆಗಳನ್ನು ನೋಡಬಾರದೆಂದು ಕಿಟಕಿ ಗಾಜುಗಳಿಗೆ ಬಿಳಿ ಹಾಳೆ ಅಂಟಿಸಿದ್ದರು. ಹೀಗಾಗಿ ಹೊರಗೆ ಬಿಸಿಲೋ ಮೋಡವೋ ಅದೂ ತಿಳಿಯುತ್ತಿರಲಿಲ್ಲ.

ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಪರದೇಶದ ಒಂದು ವಿಮಾ ಕಂಪನಿಗೆ ಬರುವ ಆಸ್ಪತ್ರೆ ಬಿಲ್ಲುಗಳನ್ನು ಓದಿ, ಅಲ್ಲಿನ ವೈದ್ಯರು ಗೀಚಿದ್ದು ಏನೆಂದು ಊಹಿಸಿ, ಒಂದೊಂದಕ್ಕೂ ಸರಿಯಾದ ಕೋಡ್ ಹಾಕಬೇಕು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವಳು. ಅದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಕ್ರಮೇಣ ನನಗೂ ಮರೆಯುತ್ತ ಬಂತು. ಬೇರೆಯವರ ಕಾಯಿಲೆಯ ವಿವರ ಕಣ್ಣೆದುರು ಇರುತ್ತದೆಂಬ ಕಾರಣಕ್ಕೆ ಒಳಗೆ ಫೋನ್ ಒಯ್ಯುವಂತಿಲ್ಲ, ಪೆನ್ನು ಕಾಗದ ಒಯ್ಯುವಂತಿಲ್ಲ, ಸ್ಮಾರ್ಟ್ ವಾಚು ಕಟ್ಟಿಕೊಳ್ಳುವಂತಿಲ್ಲ. ಎಲ್ಲವನ್ನೂ ಬಾಗಿಲಿನ ಹೊರಗೆ ಲಾಕರಿನಲ್ಲಿಟ್ಟು ಹೋಗಬೇಕು. ಏನಾದರೂ ಗುರುತು ಹಾಕಿಕೊಳ್ಳಬೇಕೆಂದರೆ ಪ್ರತಿ ಮೇಜಿಗೆ ಒಂದು ಬಿಳಿ ಸ್ಲೇಟು, ಒಂದು ಮಾರ್ಕರ್. ಪಾಳಿ ಮುಗಿದ ಮೇಲೆ ಸ್ಲೇಟು ಒರೆಸಿದ್ದೇವೆಯೇ ಎಂದು ಸೆಕ್ಯುರಿಟಿಯವರು ಸಾಲು ಸಾಲಾಗಿ ನೋಡಿಕೊಂಡು ಹೋಗುತ್ತಿದ್ದರು.

ಕೊರಳಿಗೆ ಹಾಕಿಕೊಳ್ಳುವ ಐಡಿ ಕಾರ್ಡಿನ ಪಟ್ಟಿಗೆ ಅಲ್ಲಿ ಎಲ್ಲರೂ ಟ್ಯಾಗ್ ಎನ್ನುತ್ತಿದ್ದರು. ನೀಲಿ ಟ್ಯಾಗ್ ಕಂಪನಿಯ ಕಾಯಂ ನೌಕರರಿಗೆ. ಬೂದು ಟ್ಯಾಗ್ ಏಜೆನ್ಸಿಯ ಮೂಲಕ ಬಂದವರಿಗೆ. ಕೂರುತ್ತಿದ್ದದ್ದು ಒಂದೇ ಸಾಲಿನಲ್ಲಿ, ಓದುತ್ತಿದ್ದದ್ದು ಒಂದೇ ಬಿಲ್ಲು. ಆದರೆ ಮನೆಗೆ ಬಿಡುವ ಕ್ಯಾಬ್ ನೀಲಿಯವರಿಗೆ ಮಾತ್ರ. ಪಕ್ಕದ ಹೂಡಿಯಲ್ಲೇ ಮನೆ ಇರುವವರು ಕ್ಯಾಬಿನಲ್ಲಿ ಹೋಗುತ್ತಿದ್ದರು. ಪೀಣ್ಯದವಳಾದ ನಾನು ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಇನ್ನೊಂದಕ್ಕೆ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಅದನ್ನಾದರೂ ಸಹಿಸಬಹುದಿತ್ತು. ಇ-ಮೇಲಿನಲ್ಲಿ ನಮ್ಮ ಹೆಸರಿನ ಹಿಂದೆ ‘ಹೊರಗಿನವರು’ ಎಂದು ತೋರಿಸುವ ಒಂದು ಗುರುತು ಇರುತ್ತಿತ್ತು. ಬೆಂಕಿ ಬಿದ್ದರೆ ಹೇಗೆ ಹೊರಗೆ ಓಡಬೇಕೆಂದು ಅಭ್ಯಾಸ ಮಾಡಿಸುತ್ತಾರಲ್ಲ, ಅವತ್ತು ಕೆಳಗಿನ ಅಂಗಳದಲ್ಲಿ ನೀಲಿಯವರನ್ನು ಎಣಿಸಿ, ಎಲ್ಲರೂ ಬಂದರು ಎಂದು ಕೂಗಿ, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು.

ವರ್ಷಕ್ಕೊಮ್ಮೆ ಬೂದಿನಿಂದ ನೀಲಿಗೆ ಹೋಗುವವರ ಪಟ್ಟಿ ಬರುತ್ತಿತ್ತು. ಯಾರ ಹೆಸರು ಕಳಿಸಬೇಕೆಂದು ನಿರ್ಧರಿಸುತ್ತಿದ್ದವರು ನಮ್ಮ ಟೀಮ್ ಲೀಡ್. ಆ ವರ್ಷ ನನ್ನ ಹೆಸರೇ ಮೊದಲು ಎಂದು ಅವರು ನನಗೆ ಹೇಳಿದ್ದರು. ನನಗೆ ಆ ನೀಲಿ ಟ್ಯಾಗ್ ಬೇಕಿತ್ತು. ಎಷ್ಟು ಬೇಕಿತ್ತೆಂದು ಮನೆಯಲ್ಲೂ ಹೇಳಿಕೊಂಡಿರಲಿಲ್ಲ.

ಟೀಮ್ ಲೀಡ್ ಹೂಡಿಯ ಹಳೆಯ ಒಕ್ಕಲು ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಪಿ.ಜಿ. ಕಟ್ಟಡಗಳಿದ್ದವು. ಟೀಮನ್ನೂ ಅವರು ಬಾಡಿಗೆದಾರರನ್ನು ನೋಡಿಕೊಳ್ಳುವಂತೆಯೇ ನೋಡಿಕೊಳ್ಳುತ್ತಿದ್ದರು. ಹಬ್ಬಕ್ಕೆ ಒಬ್ಬಟ್ಟು ತಂದು ಹಂಚುತ್ತಿದ್ದರು; ನೀರು ನಿಲ್ಲಿಸುವ ಅಧಿಕಾರ ತಮಗಿದೆ ಎಂಬುದನ್ನೂ ಮರೆಯುತ್ತಿರಲಿಲ್ಲ. ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ವಾಚು ಕೊಟ್ಟದ್ದು ನನ್ನ ಸೋದರಮಾವ. ಒಳಗೆ ಹೊತ್ತು ಗೊತ್ತಾಗುವುದಿಲ್ಲ ಎಂದು ನಾನು ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡು, ತಾನು ಹುಡುಗನಾಗಿದ್ದಾಗ ಕಟ್ಟುತ್ತಿದ್ದ ವಾಚನ್ನು ಬೀರುವಿನಿಂದ ಹುಡುಕಿ ತೆಗೆದು, ಹೊಸ ಸೆಲ್ಲು, ಹೊಸ ಬೆಲ್ಟು ಹಾಕಿಸಿ ತಂದಿದ್ದರು. ಕಪ್ಪು ಪ್ಲಾಸ್ಟಿಕ್ಕಿನ ಚೌಕ ವಾಚು. ಮೇಲಿನ ಅರ್ಧದಲ್ಲಿ ಸಮಯ, ಕೆಳಗಿನ ಅರ್ಧದಲ್ಲಿ ಒಂದು ಆಟ. ಮೂರು ದಾರಿಯಲ್ಲಿ ಕಲ್ಲುಗಳು ಬೀಳುತ್ತವೆ. ಕೆಳಗೆ ಬುಟ್ಟಿ ಹಿಡಿದ ಒಬ್ಬ ಪುಟ್ಟ ಮನುಷ್ಯ. ಎಡಕ್ಕೊಂದು ಬಲಕ್ಕೊಂದು ಗುಂಡಿ. ಕಲ್ಲನ್ನು ಬುಟ್ಟಿಯಲ್ಲಿ ಹಿಡಿಯಬೇಕು. ಬರಬರುತ್ತ ಕಲ್ಲುಗಳ ವೇಗ ಹೆಚ್ಚುತ್ತದೆ. ಮೂರು ಬಿಟ್ಟರೆ ಆಟ ಮುಗಿಯಿತು. ಗಂಟೆಗೊಮ್ಮೆ ವಾಚು ತಾನಾಗಿ ಪೀಂ ಎನ್ನುತ್ತಿತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಮಾವನಿಗೂ ಮರೆತುಹೋಗಿತ್ತು.

ಬಾಗಿಲಿನಲ್ಲಿದ್ದ ಸೆಕ್ಯುರಿಟಿಯವರು ಮೊದಲ ದಿನ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಬ್ಲೂಟೂತ್ ಐತಾ ಮೇಡಂ?”

“ಇಲ್ಲ.”

“ಕ್ಯಾಮ್ರಾ?”

“ಇಲ್ಲ.”

“ಇನ್ನೇನೈತೆ ಇದ್ರಾಗೆ?”

“ಟೈಮು. ಮತ್ತೆ ಒಂದು ಆಟ.”

ಅವರು ತಮ್ಮ ಮೇಲಿನವರನ್ನು ಕರೆದರು. ಮೇಲಿನವರು ಗುಂಡಿ ಒತ್ತಿ, ಒಂದು ಕಲ್ಲು ಹಿಡಿದು, ಎರಡನೆಯದನ್ನು ಬಿಟ್ಟು, “ಓಲ್ಡ್ ಮಾಡ್ಲು ಕಣ್ರೀ, ಸ್ಮಾರ್ಟೂ ಅಲ್ಲ ಏನೂ ಅಲ್ಲ. ಬಿಡಿ ಒಳಗೆ” ಎಂದರು. ಅವತ್ತಿನಿಂದ ಅದು ದಿನವೂ ನನ್ನ ಕೈಯಲ್ಲೇ ಒಳಗೆ ಹೋಯಿತು. ಯಾರೂ ಬೇಡ ಎನ್ನಲಿಲ್ಲ.

ನಾನು ಅದನ್ನು ಹೊತ್ತು ನೋಡಲಿಕ್ಕೆ ಕಟ್ಟಿದ್ದೆ. ಆದರೆ ಆ ಮಹಡಿಯಲ್ಲಿ ಒಂದು ವಿಚಿತ್ರವಾದ ಸ್ಥಿತಿ ಬರುತ್ತಿತ್ತು, ಅದಕ್ಕೆ ಕ್ಯೂ ಖಾಲಿ ಎನ್ನುತ್ತಿದ್ದರು. ಅಲ್ಲಿಂದ ಬಿಲ್ಲುಗಳು ಬರುವುದು ನಿಂತರೆ ಮಾಡಲು ಕೆಲಸವೇ ಇರುವುದಿಲ್ಲ. ಎದ್ದು ಹೋಗುವಂತಿಲ್ಲ. ಫೋನಿಲ್ಲ, ಪುಸ್ತಕವಿಲ್ಲ, ಇಂಟರ್ನೆಟ್ ಇಲ್ಲ. ಖಾಲಿ ಪರದೆಯ ಮುಂದೆ ಸಾಲು ಸಾಲು ಜನ ಕೈ ಮೇಲೆ ಕೈ ಇಟ್ಟು ಕೂತಿರುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನಾನು ಮೇಜಿನ ಕೆಳಗೆ ಕೈ ಇಟ್ಟುಕೊಂಡು ಆಡುತ್ತಿದ್ದಾಗ ಟೀಮ್ ಲೀಡ್ ಹಿಂದೆ ಬಂದು ನಿಂತರು.

“ಏನೇ ಅದು? ಕೊಡಿಲ್ಲಿ.”

ಬಿಚ್ಚಿ ಕೊಟ್ಟೆ.

“ಸೋತ್ರೆ ಏನಾಗತ್ತೆ?”

“ಮತ್ತೆ ಮೊದಲಿಂದ ಶುರುವಾಗತ್ತೆ, ಮೇಡಂ.”

“ಅಷ್ಟೇನಾ? ನಮ್ ಪ್ರೋಸೆಸ್‌ಗಿಂತ ವಾಸಿ ಬಿಡು” ಎಂದು ನಕ್ಕು, ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಆಡತೊಡಗಿದರು. ಕ್ಯೂ ಮತ್ತೆ ತುಂಬುವವರೆಗೆ ವಾಚು ನನಗೆ ಸಿಗಲಿಲ್ಲ.

ಆಮೇಲೆ ಅದು ರೂಢಿಯಾಯಿತು. ಕ್ಯೂ ಖಾಲಿ ಎಂದು ಗೊತ್ತಾದ ತಕ್ಷಣ ಯಾರಾದರೂ ನನ್ನ ಕಡೆ ಕೈ ಚಾಚುತ್ತಿದ್ದರು. ವಾಚು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಸರದಿಯನ್ನೂ ಅಂಕವನ್ನೂ ಸ್ಲೇಟಿನ ಮೂಲೆಯಲ್ಲಿ ಬರೆಯುತ್ತಿದ್ದರು. ಪಾಳಿ ಮುಗಿಯುವಾಗ ಎಲ್ಲವನ್ನೂ ಒರೆಸುತ್ತಿದ್ದರು. ನಮ್ಮ ಹಿಂದಿನ ಸಾಲಿನ ಇಬ್ಬರು ಹುಡುಗರಿಗೆ ಅದೊಂದು ಯುದ್ಧವೇ ಆಗಿತ್ತು.

“ಗುರು, ಇನ್ನೂರು ದಾಟ್ತು ನಂದು!”

“ಬುರುಡೆ ಬಿಡ್ಬೇಡ ಮಗಾ. ತೋರ್ಸು.”

“ತೋರ್ಸೋಷ್ಟ್ರಲ್ಲಿ ಟೈಮ್ ಗುಂಡಿ ಒತ್ಬಿಟ್ಟೆ ಕಣೋ.”

“ದಿನಾ ಅದೇ ಒತ್ತೀಯ ನೀನು!”

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಬಾಗಲಕೋಟೆ ಕಡೆಯ ಹುಡುಗಿ, ನನ್ನಂತೆಯೇ ಬೂದು ಟ್ಯಾಗ್. ಅವಳ ಅಪ್ಪ ಅಮ್ಮ ಇಲ್ಲೇ ಕಟ್ಟಡದ ಕೆಲಸಕ್ಕೆ ಬಂದವರು. ಅಗ್ರಹಾರದ ಒಂದು ಬಾಡಿಗೆ ಕೋಣೆಯಲ್ಲಿ ಎಲ್ಲರೂ ಇದ್ದರು. ಅವಳು ನಾಲಿಗೆ ಕಚ್ಚಿಕೊಂಡು ಆಡುತ್ತಿದ್ದಳು. “ಅಯ್ಯ ನಮ್ಮವ್ವ, ಮೂರೂ ಕಡಿಂದ ಬೀಳಾಕತ್ತಾವ, ಯಾವ್ದು ಹಿಡೀಲಿ ಅಕ್ಕಾ!” ಎಂದು ಕೂಗಿಕೊಳ್ಳುವಳು. ಸೋತ ಮೇಲೆ ವಾಚನ್ನು ಸೆರಗಿನಲ್ಲಿ ಒರೆಸುವವಳಂತೆ ತನ್ನ ದುಪಟ್ಟಾದಲ್ಲಿ ಒರೆಸಿ ನನಗೆ ಕೊಡುವಳು.

ನಾನು ಮಾತಿನವಳಲ್ಲ. ಅಷ್ಟು ದಿನ ನನ್ನ ಮೇಜಿನ ಹತ್ತಿರ ಯಾರೂ ಸುಮ್ಮನೆ ಬಂದವರಲ್ಲ. ಈಗ ಬರುತ್ತಿದ್ದರು, ಬಂದವರು ಊಟ ಆಯ್ತಾ ಎಂದೂ ಕೇಳುತ್ತಿದ್ದರು. ಕ್ಯಾಂಟೀನಿನಲ್ಲಿ ನೀಲಿಯವರ ಮೇಜಿನಿಂದ ಟೀಮ್ ಲೀಡ್ “ಬಾರೇ ಇಲ್ಲಿ” ಎಂದು ಕರೆಯತೊಡಗಿದ್ದರು. ಆಟದಲ್ಲಿ ಎಲ್ಲರಿಗಿಂತ ನನ್ನ ಅಂಕವೇ ಹೆಚ್ಚಿರುತ್ತಿತ್ತು, ಅದಕ್ಕೆ ನನ್ನನ್ನು ಚಾಂಪಿಯನ್ ಎನ್ನುತ್ತಿದ್ದರು. ನನಗೆ ಇಷ್ಟವಾಗುತ್ತಿತ್ತು. ಈಗ ಬರೆಯುವಾಗಲೂ ಇಲ್ಲವೆನ್ನಲು ಮನಸ್ಸಾಗುವುದಿಲ್ಲ.

ಪಟ್ಟಿ ಕಳಿಸುವ ಕಾಲ ಹತ್ತಿರ ಬಂದಿದ್ದಾಗ ಕ್ಲೈಂಟ್ ಕಂಪನಿಯಿಂದ ಒಬ್ಬ ಹೆಂಗಸು ನಮ್ಮ ಮಹಡಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ ಸ್ಟಿಕ್ಕರು. ನಮಗೆಲ್ಲ ಸಾಂಪ್ರದಾಯಿಕ ಉಡುಪು. ಟೀಮ್ ಲೀಡ್ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಮುಖ ಬೆವರುತ್ತಿತ್ತು.

“ವಾಚ್ ಕೊಡೇ ಸ್ವಲ್ಪ. ಎರಡು ಆಟ ಆಡಿದ್ರೆ ಟೆನ್ಷನ್ ಕಡಿಮೆಯಾಗತ್ತೆ ನಂಗೆ.”

ಕೊಟ್ಟೆ. ಅವರು ಆಡಿದರು, ಕಟ್ಟಿಕೊಳ್ಳಲಿಲ್ಲ; ಬಳೆಗಳ ಜೊತೆ ಚೆನ್ನಾಗಿ ಕಾಣುವುದಿಲ್ಲವೆಂದು ತಮ್ಮ ಮೇಜಿನ ಡ್ರಾಯರಿನಲ್ಲಿ ಹಾಕಿದರು.

ಬಂದ ಹೆಂಗಸು ಎತ್ತರದವರು, ನಿಧಾನ ನಡೆಯುವವರು. ಜೊತೆಗೆ ನಮ್ಮ ಕಡೆಯ ದೊಡ್ಡವರೆಲ್ಲ ಇದ್ದರು. ಟೀಮ್ ಲೀಡ್ ತಮ್ಮ ಮೇಜಿನ ಬಳಿ ನಿಂತು, ನಮ್ಮಲ್ಲಿ ಹೊರಗಿನ ಯಾವ ಸಾಧನವೂ ಒಳಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಆಗಲೇ ಡ್ರಾಯರಿನೊಳಗಿಂದ ವಾಚು ಪೀಂ ಎಂದಿತು.

ಎಲ್ಲರೂ ಡ್ರಾಯರಿನ ಕಡೆ ನೋಡಿದರು. ಟೀಮ್ ಲೀಡ್ ಅದನ್ನು ತೆರೆದು, ವಾಚನ್ನು ಎರಡು ಬೆರಳಲ್ಲಿ ಎತ್ತಿ, ನಗುತ್ತಲೇ ನನ್ನ ಮೇಜಿನ ಮೇಲೆ ಇಟ್ಟು “ಇದು ಇವಳದು” ಎಂದರು. ಸುಳ್ಳೇನಲ್ಲ. ವಾಚು ನನ್ನದೇ.

ಆ ಹೆಂಗಸು ಬಗ್ಗಿ ನೋಡಿದವರು ಕೂಗಿಯೇಬಿಟ್ಟರು. ಚಿಕ್ಕವರಿದ್ದಾಗ ಅವರ ಅಣ್ಣನ ಹತ್ತಿರ ಇಂಥದ್ದೇ ಇತ್ತಂತೆ, ಮುಟ್ಟಲು ಬಿಡುತ್ತಿರಲಿಲ್ಲವಂತೆ. ಒಂದು ಸಲ ಆಡಬಹುದೇ ಎಂದು ನನ್ನನ್ನೇ ಕೇಳಿದರು. ನಾನು ಗುಂಡಿ ತೋರಿಸಿದೆ. ದೊಡ್ಡವರೆಲ್ಲ ಸುತ್ತ ನಿಂತು ಕಾಯುತ್ತಿರುವಾಗ ಅವರು ಮಗುವಿನಂತೆ ಮೈಮರೆತು ಆಡಿದರು. ಮೂರು ಕಲ್ಲು ಬಿಟ್ಟು ಸೋತು, ಜೋರಾಗಿ ನಕ್ಕು, ನನಗೆ ಥ್ಯಾಂಕ್ಸ್ ಹೇಳಿ ಮುಂದೆ ಹೋದರು. ಅವರ ಹಿಂದೆ ಹೋದ ನಮ್ಮವರಲ್ಲಿ ಒಬ್ಬರು ಮಾತ್ರ ತಿರುಗಿ ನನ್ನ ಟ್ಯಾಗಿನ ಬಣ್ಣ ನೋಡಿದರು.

ಮರುದಿನ ನನ್ನನ್ನು ಕರೆದರು. ಅಲ್ಲಿ ಮೀಟಿಂಗ್ ಕೋಣೆಗಳಿಗೆಲ್ಲ ನದಿಗಳ ಹೆಸರು. ನನ್ನನ್ನು ಕರೆದದ್ದು ತುಂಗಾಕ್ಕೆ. ಎಚ್.ಆರ್.ನ ಒಬ್ಬ ಹೆಂಗಸು, ಡೇಟಾ ಸುರಕ್ಷತೆಯ ಒಬ್ಬ ಅಧಿಕಾರಿ. ಟೀಮ್ ಲೀಡ್ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಅವರನ್ನು ನೋಡಿ ನನಗೆ ಧೈರ್ಯವೇ ಬಂದಿತ್ತು.

“ನೋಡಿ, ಇದು ಎನ್‌ಕ್ವೈರಿ ಅಲ್ಲ, ಜಸ್ಟ್ ಮಾತಾಡ್ತಿದೀವಿ ಅಷ್ಟೆ” ಎಂದರು ಎಚ್.ಆರ್.ನವರು. “ಫ್ಲೋರ್ ಒಳಗೆ ಗೇಮಿಂಗ್ ಡಿವೈಸ್ ತಂದಿದ್ದು ನೀವು ಅಲ್ವಾ?”

“ವಾಚು ನನ್ನದು. ಬಾಗಿಲಲ್ಲಿ ತೋರಿಸಿಯೇ ತರ್ತಿದ್ದೆ.”

“ಸೆಕ್ಯುರಿಟಿಯವ್ರನ್ನೂ ಕೇಳಿದ್ವಿ. ಗೇಮ್ ಇರೋದು ಗೊತ್ತಿರ್ಲಿಲ್ಲ ಅಂದ್ರು.”

“ಅವರ ಮೇಲಿನವರು ಆಡಿ ನೋಡಿದ್ರು.”

ಎಚ್.ಆರ್.ನವರೂ ಅಧಿಕಾರಿಯೂ ಪರಸ್ಪರ ಮುಖ ನೋಡಿಕೊಂಡರು. “ಸರಿ, ವರ್ಕ್ ಟೈಮ್‌ನಲ್ಲಿ ಆಡ್ತಿದ್ದಿದ್ದು ನೀವೊಬ್ರೇನಾ?”

“ಇಲ್ಲ. ಕ್ಯೂ ಖಾಲಿ ಇದ್ದಾಗ ನಮ್ಮ ಸಾಲಿನಲ್ಲಿ ಎಲ್ಲರೂ ಆಡ್ತಿದ್ದರು.”

“ಎಲ್ಲರೂ ಅಂದ್ರೆ?”

ನಾನು ಪಕ್ಕಕ್ಕೆ ನೋಡಿದೆ. ಟೀಮ್ ಲೀಡ್ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದರು. ಅವರು ತಾವಾಗಿ ಹೇಳುತ್ತಾರೆಂದು ಕಾದೆ.

“ಮೇಡಂ ಕೂಡ” ಎಂದೆ. “ನಿನ್ನೆ ವಾಚು ಮೇಡಂ ಡ್ರಾಯರಿನಲ್ಲೇ ಇತ್ತು.”

ಟೀಮ್ ಲೀಡ್ ನಿಟ್ಟುಸಿರು ಬಿಟ್ಟರು, ನನಗಾಗಿ ಮರುಗುವವರ ಹಾಗೆ. “ನಾನೇ ಅವಳ ಕೈಯಿಂದ ಕಿತ್ಕೊಂಡು ಡ್ರಾಯರ್‌ನಲ್ಲಿ ಇಟ್ಟಿದ್ದೆ ಮೇಡಂ, ವಿಸಿಟ್ ಇದೆ ಅಂತ. ಮುಂಚೇನೂ ವಾರ್ನ್ ಮಾಡಿದ್ದೆ. ಸೈಲೆಂಟ್ ಹುಡುಗಿ, ಕೆಲ್ಸ ಚೆನ್ನಾಗಿ ಮಾಡ್ತಾಳೆ, ಅದಕ್ಕೇ ಮೇಲ್ ಹಾಕ್ಲಿಲ್ಲ. ಅದು ನಂದೇ ತಪ್ಪು.”

ಎಚ್.ಆರ್.ನವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಅಷ್ಟು ಅಚ್ಚುಕಟ್ಟಾಗಿ ಒಂದು ತಪ್ಪನ್ನು ಒಪ್ಪಿಕೊಂಡು ಇನ್ನೊಂದನ್ನು ದಾಟಿಹೋಗುವುದನ್ನು ನಾನು ಮೊದಲ ಸಲ ನೋಡಿದೆ.

“ತಲೆಯ ಮೇಲೆ ಕ್ಯಾಮೆರಾ ಇದೆಯಲ್ಲ. ಅದರಲ್ಲಿ ನೋಡಿ” ಎಂದೆ.

ಸುರಕ್ಷತೆಯ ಅಧಿಕಾರಿ ಬೇಸರದಿಂದ ಉತ್ತರಿಸಿದರು. “ಕ್ಯಾಮ್ರಾ ಇರೋದು ಕ್ಲೈಂಟ್ ಡೇಟಾ ಸೇಫ್ಟಿಗೆ. ಯಾರು ಯಾವ್ ಆಟ ಆಡಿದ್ರು ಅಂತ ನೋಡೋಕಲ್ಲ. ನಿಮ್ಮ ಸಾಲಿನವರನ್ನ ಆಗ್ಲೇ ಕೇಳಿದೀವಿ. ಯಾರೂ ಮುಟ್ಟಿಲ್ಲ ಅಂದಿದಾರೆ.”

ಯಾರೂ ಮುಟ್ಟಿಲ್ಲ. ಇನ್ನೂರು ದಾಟಿದವನೂ ಇಲ್ಲ, ಬುರುಡೆ ಎಂದವನೂ ಇಲ್ಲ. ಮಹಡಿಯೊಳಗೆ ಇನ್ನು ಮುಂದೆ ಯಾವುದೇ ಆಟದ ಸಾಧನ ತರುವುದಿಲ್ಲ, ಬಳಸುವುದಿಲ್ಲ ಎಂಬ ಒಂದು ಹಾಳೆ ಮುಂದಿಟ್ಟರು. ಸಹಿ ಹಾಕಿದೆ. ವಾಚನ್ನು ಪರೀಕ್ಷೆಗೆಂದು ಇಟ್ಟುಕೊಂಡು, ಕೆಲವು ದಿನಗಳ ಮೇಲೆ ಹಿಂದಿರುಗಿಸಿದರು. ಅದರಲ್ಲಿ ಆಟ ಮತ್ತು ಸಮಯ ಬಿಟ್ಟು ಬೇರೇನೂ ಇಲ್ಲವೆಂದು ಅವರಿಗೂ ಗೊತ್ತಾಗಿರಬೇಕು. ಹಿಂಬದಿಯ ಒಂದು ಸ್ಕ್ರೂ ಇರಲಿಲ್ಲ.

ಕೋಣೆಯಿಂದ ಹೊರಗೆ ಬಂದ ಮೇಲೆ, ಪಟ್ಟಿಯ ಗತಿ ಏನು ಎಂದು ಕೇಳಿದ್ದಕ್ಕೆ ಎಚ್.ಆರ್.ನವರು, “ಅದು ಟೀಮ್ ಲೀಡ್ ರೆಕಮೆಂಡೇಶನ್ ಮೇಲೆ ಹೋಗತ್ತೆ, ನಾವು ತಲೆ ಹಾಕಲ್ಲ” ಎಂದು ಹೋದರು. ಟೀಮ್ ಲೀಡ್ ನನ್ನ ಭುಜ ಹಿಡಿದರು.

“ಟೆನ್ಷನ್ ಮಾಡ್ಕೋಬೇಡ ಕಣೇ. ಅಲ್ಲಿ ನಾನು ಹಾಗೆ ಹೇಳ್ದೇ ಇದ್ದಿದ್ರೆ ಇಬ್ರಿಗೂ ತೊಂದ್ರೆ ಆಗ್ತಿತ್ತು. ನಾನು ಉಳ್ಕೊಂಡ್ರೆ ತಾನೇ ನಿನ್ ಹೆಸ್ರು ಕಳ್ಸೋದು? ಇದೊಂಚೂರು ತಣ್ಣಗಾಗ್ಲಿ. ನಾನಿದೀನಲ್ಲ.”

ಆ ಮಾತನ್ನು ನಾನು ನಂಬಿದೆ. ಅವರು ಒಳ್ಳೆಯವರೆಂದಲ್ಲ; ಅವರ ಲೆಕ್ಕಾಚಾರ ಸರಿಯಾಗಿದೆ ಅನ್ನಿಸಿತು. ಪಟ್ಟಿಯೂ ಏನೋ ಕಾರಣಕ್ಕೆ ಮುಂದೆ ಹೋಯಿತು. ಕಾಯುವುದು ನನಗೆ ಕಷ್ಟವಲ್ಲ. ಸಾಲಿನವರು ಮೊದಲಿನಂತೆ ನನ್ನ ಮೇಜಿನತ್ತ ಬರುವುದನ್ನು ನಿಲ್ಲಿಸಿದರು. ಹಿಂದಿನ ಸಾಲಿನ ಹುಡುಗರು ಎದುರು ಸಿಕ್ಕರೆ ಫೋನ್ ಇಲ್ಲದ ಜೇಬಿನಲ್ಲಿ ಫೋನ್ ಹುಡುಕುತ್ತಿದ್ದರು. ಬಾಗಲಕೋಟೆಯ ಹುಡುಗಿ ಮಾತ್ರ ಪಕ್ಕದಲ್ಲೇ ಕೂರಬೇಕಿತ್ತಲ್ಲ, ಒಂದು ದಿನ ಪರದೆಯನ್ನೇ ನೋಡುತ್ತ ಹೇಳಿದಳು: “ಕೇಳಿದ್ರು ಅಕ್ಕಾ. ನಾ ನೋಡೇ ಇಲ್ರೀ ಅಂದೆ. ಎಲ್ಲಾರೂ ಹಂಗ ಅಂದಾರ ಅಂದ್ರು, ಅದಕ್ಕ.” ನಾನು ಸರಿ ಎಂದೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದ್ದೆ, ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಕ್ಲೈಂಟ್ ಕಂಪನಿಯಿಂದ ಒಂದು ದೊಡ್ಡ ಡಬ್ಬ ಬಂತು. ಅದರಲ್ಲಿ ಪುಟ್ಟ ಪುಟ್ಟ ಪೆಟ್ಟಿಗೆಗಳು, ಪೆಟ್ಟಿಗೆಗೊಂದು ವಾಚು: ಹಳೆಯ ಕಾಲದ ರೂಪದಲ್ಲಿ ಹೊಸದಾಗಿ ಮಾಡಿದ ಆಟದ ವಾಚು. ಈಗ ಅವು ಮತ್ತೆ ಫ್ಯಾಷನ್ ಅಂತೆ. ಬಂದುಹೋದ ಆ ಹೆಂಗಸು, ನಿಮ್ಮ ಮಹಡಿಯಲ್ಲಿ ಕಳೆದ ಅತ್ಯಂತ ಸಂತೋಷದ ಗಳಿಗೆಯ ನೆನಪಿಗೆ ಎಂದು ಬರೆದಿದ್ದರಂತೆ. ತಲೆಗೊಂದರಂತೆ ಎಷ್ಟು ಬೇಕೆಂಬ ಲೆಕ್ಕ ಕೊಟ್ಟದ್ದು ನಮ್ಮ ಕಂಪನಿ. ಆದ್ದರಿಂದ ನೀಲಿ ಟ್ಯಾಗಿನವರಿಗೆಲ್ಲ ಬಂತು.

ಬಾಗಿಲಿನ ಬಳಿಯ ನಿಯಮದ ಫಲಕಕ್ಕೆ ಒಂದು ಹೊಸ ಸಾಲು ಸೇರಿತು: ಕ್ಲೈಂಟ್ ನೀಡಿದ ವಾಚುಗಳಿಗೆ ಅವಕಾಶವಿದೆ. ಸಮಯ ನೋಡಲಿಕ್ಕೆ ನಾನು ಅಮ್ಮನ ಮುಳ್ಳಿನ ವಾಚು ಕಟ್ಟಿಕೊಂಡು ಹೋಗುತ್ತಿದ್ದೆ. ಮೊದಲಿನ ಸೆಕ್ಯುರಿಟಿಯವರನ್ನು ಆಗಲೇ ಬೇರೆ ಗೇಟಿಗೆ ಹಾಕಿದ್ದರು. ಹೊಸಬರು ನನ್ನ ಟ್ಯಾಗ್ ನೋಡಿದ ಮೇಲೆ ಆ ಮುಳ್ಳಿನ ವಾಚನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಶುಕ್ರವಾರ ಪಂದ್ಯ ಇಟ್ಟರು. ಮೇಜುಗಳನ್ನು ಬದಿಗೆ ಸರಿಸಿ, ಬಲೂನು ಕಟ್ಟಿ, ಮೈಕ್ ತರಿಸಿ. ನಡೆಸುವವರು ನಮ್ಮ ಟೀಮ್ ಲೀಡ್. ಅವತ್ತು ಪಾಳಿ ಶುರುವಾಗುವ ಮೊದಲೇ ಅವರು ನನ್ನನ್ನು ಪ್ಯಾಂಟ್ರಿಗೆ ಕರೆದು, ಕಾಫಿ ತಾವೇ ಹಿಡಿದು ಕೊಟ್ಟಿದ್ದರು.

“ಲಿಸ್ಟ್ ಸೋಮವಾರ ಹೋಗತ್ತೆ. ಇವತ್ತು ಮ್ಯಾನೇಜರ್ ಬರ್ತಾರೆ. ಅವ್ರ ಮುಂದೆ ಒಂದು ಡೆಮೋ ಆಟ ಆಡ್ಬಿಡು, ಚೆನ್ನಾಗಿರತ್ತೆ. ಹಳೇದೆಲ್ಲ ಮರ್ತ್‌ಹೋಗತ್ತೆ ಎಲ್ಲರಿಗೂ.”

“ನಾನು ಪಂದ್ಯದಲ್ಲಿ ಇದ್ದೀನಾ ಮೇಡಂ?”

“ಪಂದ್ಯ ಪರ್ಮನೆಂಟ್ ಅವ್ರಿಗೆ ಕಣೇ. ನಿಂದು ಸ್ಪೆಷಲ್ಲು.”

ಸಂಜೆ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತರು. ಟೀಮ್ ಲೀಡ್ ಮೈಕ್ ಹಿಡಿದು, ಕೆಲಸದ ಒತ್ತಡ ಕಡಿಮೆ ಮಾಡಲು ಈ ವಾಚಿನ ಆಟದ ಯೋಚನೆ ತಮ್ಮ ಸಾಲಿನಲ್ಲೇ ಹುಟ್ಟಿತೆಂದೂ, ಕ್ಲೈಂಟ್‌ಗೆ ಅದು ಇಷ್ಟವಾಗುತ್ತದೆಂದು ತಮಗೆ ಮೊದಲೇ ಅನ್ನಿಸಿತ್ತೆಂದೂ ಹೇಳಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಆಮೇಲೆ ಟೀಮ್ ಲೀಡ್ ತಮ್ಮ ಕೈಯಿಂದ ಹೊಸ ವಾಚನ್ನು ಬಿಚ್ಚಿ ನನ್ನತ್ತ ಚಾಚಿದರು. “ನಮ್ ಸಾಲಿನ ಚಾಂಪಿಯನ್! ಬಾರೇ, ನಾಚ್ಕೋಬೇಡ.”

ನಾನು ಎದ್ದು ಹೋದೆ. ಹೋಗುವಾಗ ಆಡಬೇಕೆಂದೇ ಇದ್ದೆ. ವಾಚು ಕೈಗೆ ಬಂತು. ಹಗುರವಾಗಿತ್ತು, ಗುಂಡಿಗಳು ಇನ್ನೂ ಬಿಗಿಯಾಗಿದ್ದವು. ಪ್ಯಾಂಟ್ರಿಯ ಕಾಫಿ, ಸೋಮವಾರದ ಪಟ್ಟಿ ಎಲ್ಲ ತಲೆಯಲ್ಲಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು.

“ನಾನು ಇಲ್ಲಿ ಆಡುವ ಹಾಗಿಲ್ಲ, ಮೇಡಂ” ಎಂದೆ. ಮೈಕ್ ಅವರ ಕೈಯಲ್ಲಿ ನನ್ನ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. “ಫ್ಲೋರ್‌ನಲ್ಲಿ ಗೇಮಿಂಗ್ ಡಿವೈಸ್ ಬಳಸುವುದಿಲ್ಲ ಅಂತ ತುಂಗಾದಲ್ಲಿ ಸಹಿ ಹಾಕಿದ್ದೀನಿ. ನೀವು ಪಕ್ಕದಲ್ಲೇ ಇದ್ದಿರಿ.”

ಸಾಲಿನವರಲ್ಲಿ ಯಾರೂ ಕಣ್ಣೆತ್ತಲಿಲ್ಲ. ಮ್ಯಾನೇಜರ್ ಏನೂ ಅರ್ಥವಾಗದೆ ನಕ್ಕರು. “ಪ್ರೋಸೆಸ್ ಫಾಲೋ ಮಾಡ್ತಾರೆ, ಗುಡ್, ಗುಡ್” ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಪಂದ್ಯ ಶುರುವಾಯಿತು.

ಆಮೇಲೆ ಟೀಮ್ ಲೀಡ್ ಕೈ ತೊಳೆಯುವ ಜಾಗದಲ್ಲಿ ಸಿಕ್ಕರು. ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಮಾತಾಡಿದರು.

“ಅಷ್ಟು ಜನದ ಮುಂದೆ ಮರ್ಯಾದೆ ಕಳೆದ್ಯಲ್ಲೇ. ಬೇಜಾರಿದ್ರೆ ನಂಗೊಬ್ಳಿಗೇ ಹೇಳ್ಬೋದಿತ್ತಲ್ಲ? ನೀನು ಯಾವತ್ತೂ ಬಾಯೇ ಬಿಡಲ್ಲ, ಎಲ್ಲ ಒಳಗೇ ಇಟ್ಕೋತೀಯ. ನಿನ್ನಂಥವರ ಜೊತೆ ಹೇಗಿರ್ಬೇಕು ಅಂತಾನೇ ಗೊತ್ತಾಗಲ್ಲ.”

“ಅವತ್ತು ಬಾಯಿ ಬಿಟ್ಟಿದ್ದೆ, ಮೇಡಂ.”

“ಅವತ್ತಿನ ವಿಷಯ ಬಿಡು.”

“ಬಿಟ್ಟೆ. ಸೋಮವಾರ ನನ್ನ ಹೆಸರು ಹೋಗುತ್ತಾ?”

ಅವರು ಕಾಗದದಲ್ಲಿ ಕೈ ಒರೆಸಿಕೊಂಡು ಅದನ್ನು ಬುಟ್ಟಿಗೆ ಹಾಕಿದರು. “ನಿಂಗೆ ಆಟಿಟ್ಯೂಡ್ ಇದೆ ಕಣೇ. ಅದೊಂದನ್ನ ಸರಿ ಮಾಡ್ಕೋ. ಮುಂದಿನ ವರ್ಷ ನೋಡೋಣ.”

ಅಲ್ಲಿ ನೀಲಿ ಟ್ಯಾಗ್ ಸಿಕ್ಕವರು ಇಡೀ ಸಾಲಿಗೆ ಮೈಸೂರು ಪಾಕ್ ಹಂಚುವುದು ಪದ್ಧತಿ. ಆ ಸಲ ಹಂಚಿದವಳು ಬಾಗಲಕೋಟೆಯ ಹುಡುಗಿ. ಹೊಸ ಟ್ಯಾಗನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು, ಎಲ್ಲರಿಗೂ ಕೊಟ್ಟಾದ ಮೇಲೆ ನನ್ನ ಹತ್ತಿರ ಬಂದಳು. ಡಬ್ಬ ಹಿಡಿದ ಕೈ ಮುಂದಿತ್ತು, ಮುಖ ಬೇರೆ ಕಡೆ ಇತ್ತು.

“ನಿಮ್ಮ ಹೆಸರ ಬರತೈತಿ ಅನ್ಕೊಂಡಿದ್ನಿ ಅಕ್ಕಾ. ಖರೇ. ನಂದು ಬರ್ತೈತಿ ಅಂತ ಕನಸಿನ್ಯಾಗೂ ಅನ್ಕೊಂಡಿರ್ಲಿಲ್ಲ.”

“ಮನೇಲಿ ಹೇಳಿದ್ಯಾ?”

“ಹೇಳ್ದೆ. ಅಪ್ಪ ಕೆಲಸದ ಕಡೆ ಎಲ್ಲಾರಿಗೂ ಟ್ಯಾಗ್ ತೋರ್ಸ್ಬೇಕು, ಕೊಡು ಅಂತಾನ. ಕೊಡಂಗಿಲ್ಲ ಅಂದ್ರ ತಿಳಿಯೂದಿಲ್ಲ ಅವಂಗ.” ಸ್ವಲ್ಪ ನಕ್ಕು, ಡಬ್ಬವನ್ನು ಇನ್ನಷ್ಟು ಮುಂದೆ ಚಾಚಿದಳು. “ಸಿಟ್ಟೇನ ಅಕ್ಕಾ?”

ನಾನು ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅವಳು ನಾನು ಅಗಿಯುವುದನ್ನೇ ನೋಡುತ್ತ ನಿಂತಿದ್ದಳು. ಇಲ್ಲವೆಂದು ತಲೆಯಾಡಿಸಿದ ಮೇಲೆ ಹೋದಳು. ಬೇಕರಿಯ ಮೈಸೂರು ಪಾಕ್, ತುಪ್ಪಕ್ಕಿಂತ ಡಾಲ್ಡಾ ಹೆಚ್ಚು. ಅಂಗುಳಿಗೆ ಅಂಟಿಕೊಂಡದ್ದು ಬಹಳ ಹೊತ್ತು ಹೋಗಲಿಲ್ಲ.

ವಿರಾಮದಲ್ಲಿ ಹೊರಗೆ ಹೋಗಿ, ಲಾಕರಿನಿಂದ ಫೋನ್ ತೆಗೆದು ಏಜೆನ್ಸಿಯವರಿಗೆ ಕರೆ ಮಾಡಿದೆ. ನಮ್ಮನ್ನು ಅಲ್ಲಿಗೆ ಕಳಿಸಿದ್ದ ಆ ಮನುಷ್ಯನ ಮುಖವನ್ನು ನಾನು ನೋಡಿರಲಿಲ್ಲ, ನನ್ನದನ್ನು ಅವರೂ ನೋಡಿರಲಿಲ್ಲ. ಬೇರೆ ಕಡೆ ಜಾಗ ಇದೆಯೇ ಎಂದು ಕೇಳಿದೆ.

“ಎಲೆಕ್ಟ್ರಾನಿಕ್ ಸಿಟೀಲಿದೆ ಮೇಡಂ. ಸೇಮ್ ಕೆಲಸ, ಕಾಂಟ್ರ್ಯಾಕ್ಟೇ. ಆದ್ರೆ ಅಲ್ಲಿಗೆ ಹೋದ್ರೆ ನಿಮ್ ಸರ್ವಿಸ್ ಮೊದ್ಲಿಂದ ಶುರುವಾಗತ್ತೆ. ಈಗಿರೋ ಕಡೆ ಏನ್ ಪ್ರಾಬ್ಲಮ್ಮು? ರೀಸನ್ ಹಾಕ್ಬೇಕು ನಾನು.”

“ದೂರ ಆಗತ್ತೆ ಅಂತ ಹಾಕಿ.”

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು, ನಿಂತಿತು. “ನೀವು ಪೀಣ್ಯ ಅಲ್ವಾ ಮೇಡಂ? ಎಲೆಕ್ಟ್ರಾನಿಕ್ ಸಿಟಿನೂ ಅಷ್ಟೇ ದೂರ ಆಗತ್ತಲ್ಲ?”

“ಆಗಲಿ” ಎಂದೆ.